ಅರಿಶಿನದ ಮೇಲೆ ಆಣೆಕಲ್ಲು

ಗೆಳೆಯರೇ, ಇವತ್ತು ಸಂಜೆ ನಾಲ್ಕಕ್ಕೆ ನಮ್ಮ ತೇರದಾಳದಲ್ಲಿ ನಿಂಬೆಕಾಯಿ ಗಾತ್ರದ ಆಣೆಕಲ್ಲು ಬಿದ್ದವು.

ಪಕ್ಕದ ಮನೆಯ ಮಲ್ಲಪ್ಪಣ್ಣ ಕುದಿಸಿದ ಅರಿಶಿನವನ್ನು ಕಣದಲ್ಲಿ ಒಣಹಾಕಿದ್ದ. ನಾವಿಬ್ಬರೂ ತಾಡಪತ್ರಿ ಎಳೆಯುವಷ್ಟರಲ್ಲಿ ಅರ್ಧದಷ್ಟು ತೋಯ್ದುಹೋಗಿತ್ತು. ಅವನ ತಾಯಿ ಗೌರವ್ವಾಯಿ ಮಾತ್ರ ತಲೆಯ ಮೇಲೆ ಬುಟ್ಟಿ ಬೋರಲು ಹಾಕಿಕೊಂಡು, ಆಣೆಕಲ್ಲು ಆರಿಸಿ ಡಬ್ಬಿಗೆ ತುಂಬುತ್ತಿದ್ದಳು. ಆ ನೀರನ್ನು ಸುಟ್ಟ ಗಾಯಕ್ಕೆ ಔಷಧಿಯೆಂದು ಎತ್ತಿಡುವುದು ಆಕೆಯ ರೂಢಿ.

“ಯವ್ವಾ, ಇಲ್ಲಿ ಅರಿಶಿನ ಹಾಳಾಗಾಕತ್ತೈತಿ, ನಿನಗ ಕಲ್ಲಿನ ಚಿಂತಿ” ಎಂದು ಮಲ್ಲಪ್ಪಣ್ಣ ರೇಗಿದ.

“ಅರಿಶಿನ ಮುಂದಿನ ವರ್ಷನೂ ಬರತೈತಿ. ಇದು ಬರತೈತೇನಲೇ?” ಎಂದಳು ಆಯಿ.

ಮಳೆ ನಿಂತಿತು. ಬಿಸಿಲಿಗೆ ಬಿರಿದಿದ್ದ ಕಣ ಪೂರ್ತಿ ಬೆಳ್ಳಗಾಗಿತ್ತು. ನಡುನಡುವೆ ಹಳದಿ ಕೊಂಬುಗಳು ಇಣುಕುತ್ತಿದ್ದವು. ನೆಲದಿಂದ ತಣ್ಣನೆಯ ಹೊಗೆ ಏಳುತ್ತಿತ್ತು. ಮಲ್ಲಪ್ಪಣ್ಣ ಒಂದು ಕಲ್ಲನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿದ.

ಆಮೇಲೆ ಫೋನು ನನ್ನ ಕೈಗಿಟ್ಟು, “ಪರಿಹಾರಕ್ಕ ಅರ್ಜಿ ಹಾಕಬೇಕು. ಹಾನಿ ಕಾಣೂಹಂಗ ನಂದೊಂದು ಫೋಟೊ ಹೊಡಿ” ಎಂದ.

ಹನ್ನೊಂದು ಹೊಡೆದೆ. ಒಂದರಲ್ಲಾದರೂ ಅವನು ನಗದೆ ನಿಂತಿದ್ದರೆ ಕೇಳಿ.