ಲಾಲಬಿಯ ಹೊಸ ಅಡಿಗೆಮನೆ

ಹೊಗೆ ಕಣ್ಣನ್ನು ತಿನ್ನುತ್ತದೆ. ಇದು ಯಾರಿಗೂ ಹೊಸ ಸುದ್ದಿಯಲ್ಲ. ಒಲೆಯ ಮುಂದೆ ಒಂದು ಗಳಿಗೆ ಕುಳಿತ ಗಂಡಸು ಕಣ್ಣುಜ್ಜಿಕೊಳ್ಳುತ್ತ ಅಂಗಳಕ್ಕೆ ಓಡುತ್ತಾನೆ. ಹೆಂಗಸು ಅಲ್ಲೇ ಕೂತಿರುತ್ತಾಳೆ. ಆಕೆಗೆ ರೂಢಿಯಾಗಿದೆ ಎಂದು ನಾವೇ ಹೇಳಿಕೊಂಡು ಉಣ್ಣಲು ಕೂಡುತ್ತೇವೆ.

ಇಳಕಲ್ಲಿನ ನೇಕಾರ ಸುಭಾನಸಾಬನ ಹೆಂಡತಿ ಲಾಲಬಿಗೂ ಹಾಗೆಯೇ ರೂಢಿಯಾಗಿತ್ತು. ಪ್ಲೇಗಿನ ವರ್ಷ ಊರು ಖಾಲಿಯಾಗಿ, ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಾಗ ಆ ರೂಢಿ ತಪ್ಪಿತು. ಕಲ್ಲು ಹೂಡಿ ಬಯಲಲ್ಲೇ ರೊಟ್ಟಿ ಬಡಿದಳು. ಹೊಗೆ ಗಾಳಿಯ ಹಿಂದೆ ಹೋಯಿತು. ಸಾವಿಗೆ ಹೆದರಿ ಓಡಿಬಂದ ಆ ಬಯಲಿನಲ್ಲಿ ಆಕೆಯ ಕಣ್ಣಿನಿಂದ ನೀರು ಸುರಿಯುವುದು ನಿಂತಿತು. ಯಾರಿಗೂ ಹೇಳಲಿಲ್ಲ. ಅಕ್ಕಪಕ್ಕದ ಗುಡಿಸಲುಗಳಿಂದ ಹೆಣ ಹೊರಡುತ್ತಿರುವಾಗ, ನನಗಿಲ್ಲಿ ಸುಖವಾಗಿದೆ ಎಂದು ಯಾವ ಬಾಯಿಂದ ಹೇಳಬೇಕು?

ತಿರುಗಿ ಬಂದು ನೋಡಿದರೆ ಅಡಿಗೆಮನೆಯ ಮೇಲಿನ ಮಣ್ಣಿನ ಮಾಳಿಗೆ ಮಳೆಗೆ ಕುಸಿದು ಒಲೆಯ ಮೇಲೆ ಬಿದ್ದಿತ್ತು. ಮಗ್ಗ ಎಷ್ಟೋ ದಿನದಿಂದ ನಿಂತಿತ್ತು, ಕೈ ಬರಿದು. ಬಿದ್ದ ಮಣ್ಣಿಗೇ ಹೊಟ್ಟು ಕಲಸಿ ತುಳಿದರು. ಬಿದ್ದ ಕಲ್ಲನ್ನೇ ಎತ್ತಿ ಇಟ್ಟರು. ಮುರಿದ ತೊಲೆಗಳಲ್ಲಿ ಗಟ್ಟಿ ಇದ್ದವನ್ನು ಆರಿಸಿಕೊಂಡರು. ಗೋಡೆ ಕಟ್ಟುವ ಗೌಂಡಿ ಯಂಕಪ್ಪ ಸುಭಾನಸಾಬನ ಹಳೆಯ ಗೆಳೆಯ. ಕೂಲಿಯ ಬದಲು ತನ್ನ ಹೆಂಡತಿಗೊಂದು ಸೀರೆ ನೇಯ್ದುಕೊಟ್ಟರೆ ಸಾಕೆಂದು ಕೆಲಸ ಹಿಡಿದ.

ಹಳೆಯ ಅಡಿಗೆಮನೆಗೂ ಮಗ್ಗಕ್ಕೂ ನಡುವೆ ಮೋಟುಗೋಡೆ ಅಷ್ಟೇ ಇತ್ತು. ಹೊಗೆ ತಾಕಿ, ನೇಯುವ ಸೀರೆಯ ಸೆರಗಿನ ಬಿಳಿ ರೇಷ್ಮೆ ಮಾಸುತ್ತಿತ್ತು. ಈ ಸಲ ಗೋಡೆ ಮಾಳಿಗೆಗೆ ಮುಟ್ಟಬೇಕೆಂದು ಸುಭಾನಸಾಬ ಹಟ ಹಿಡಿದ. ಉಳಿದ ಮೂರೂ ಕಡೆ ನೆರೆಯವರ ಗೋಡೆ. ಹೊಗೆ ಹೋಗಲು ದಾರಿ ಅಂತ ಇದ್ದರೆ ಆಕಾಶದ ಕಡೆ ಮಾತ್ರ.

"ಸಾಬ್ರ, ಒಲಿ ಮ್ಯಾಲ ಒಂದು ಬೆಳಕಿಂಡಿ ಬಿಡೂಣ್ರಿ," ಅಂದ ಯಂಕಪ್ಪ. "ತಳಾ ಒಡದ ಗಡಿಗಿ ಒಂದು ಕೂಡ್ರಿಸಿದ್ರ ಮುಗೀತು. ಖರ್ಚೇನಿಲ್ಲ."

"ಮಾಳಗಿ ಮ್ಯಾಲ ನೂಲ ಒಣಹಾಕ್ತೇವೊ ಮಾರಾಯಾ. ಹೊಗಿ ಅಲ್ಲೇ ಎದ್ರ ಬಣ್ಣ ಉಳದೀತೇನು?"

"ನೂಲ ಆ ಕಡೆ ಮೂಲಿಗೆ ಹಾಕ್ರಲ್ಲ."

"ಆ ಕಡೆ ಬಿಸಲ ಕಡಿಮಿ."

"ಹಂಗಾರ ಹೊಗಿ ಎಲ್ಲಿಗಿ ಹೋಗಬೇಕ್ರಿ?"

ಮಣ್ಣು ತುಳಿಯುತ್ತಿದ್ದ ಲಾಲಬಿ ತಲೆ ಎತ್ತದೆ ಅಂದಳು: "ಎಲ್ಲಿಗೂ ಹೋಗೂದು ಬ್ಯಾಡ ಯಂಕಪ್ಪಣ್ಣ. ನಾ ನುಂಗ್ತೇನಿ."

ಗಂಡಸರಿಬ್ಬರೂ ನಕ್ಕರು. ಬೆಳಕಿಂಡಿ ಇಡಲಿಲ್ಲ.

ಇಳಕಲ್ಲಿನ ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು. ಮಗ್ಗದ ಉದ್ದಕ್ಕೂ ಹರಡುವ ಎಳೆಗಳೇ ಹಾಸು. ಮೈಯ ಹಾಸಿನ ಜೊತೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಆ ಮನೆಯಲ್ಲಿ ಕೊಂಡಿ ಹಾಕುತ್ತಿದ್ದವಳು ಲಾಲಬಿ. ನೂಲಿಗೆ ಕೆಳಗೂ ಹೊಗೆ ತಾಕಬಾರದು, ಮೇಲೂ ತಾಕಬಾರದು ಎಂದು ಯೋಚಿಸಿದ ಸುಭಾನಸಾಬ, ಆ ನೂಲನ್ನು ಕೂಡಿಸುವ ಕಣ್ಣುಗಳ ಜೊತೆ ಹೊಗೆಯನ್ನು ಕೂಡಿಹಾಕಿದ. ಕೆಟ್ಟವನಲ್ಲ ಅವನು. ಹೆಂಡತಿಗೆ ಕೈ ಎತ್ತಿದವನಲ್ಲ. ಅವನ ಕಣ್ಣು ಸದಾ ನೂಲಿನ ಮೇಲಿತ್ತು, ಅಷ್ಟೇ.

ಮಳೆಗಾಲದಲ್ಲಿ ಸಗಣಿಯ ಕುಳ್ಳು ಹಸಿ, ಹತ್ತಿಕಟ್ಟಿಗೆ ಹಸಿ. ಬಾಗಿಲು ತೆರೆದರೆ ಮಗ್ಗದಿಂದ ಗದರಿಕೆ. ಸೆರಗನ್ನು ಕಣ್ಣಿಗೊತ್ತಿಕೊಂಡು ರೊಟ್ಟಿ ಬೇಯಿಸಿದಳು, ಅದೇ ಕಣ್ಣಿನಿಂದ ಬಂದು ಕೊಂಡಿಗೆ ಕೂತಳು. ಪಕ್ಕದ ಮನೆಯ ಹನಮವ್ವ ಹರಳೆಣ್ಣೆಯ ಕಾಡಿಗೆ ತಂದುಕೊಟ್ಟಳು.

"ಕಾಡಿಗಿ ಯಾಕ ಹನಮವ್ವಾ, ಒಲೀನ ದಿನಾ ಹಚ್ಚತೈತಿ."

"ನಗೂದ ಬಿಡು. ಸಾಬ್ರಿಗೆ ಹೇಳೀಯೇನು?"

"ಹೇಳಿದ್ರ ನೂಲ ಎಲ್ಲಿ ಒಣಸೂದು ಅಂತ ಕೇಳ್ತಾರ. ನನ್ನ ಕಡೆ ಅದಕ್ಕ ಉತ್ತರ ಇಲ್ಲವ್ವಾ."

ಬರಬರುತ್ತ ಆಕೆ ಎಳೆಯನ್ನು ಬೆರಳಿನಿಂದ ಹುಡುಕತೊಡಗಿದಳು. ಬೆರಳು ಪಳಗಿದ್ದವು, ಕೊಂಡಿ ತಪ್ಪುತ್ತಿರಲಿಲ್ಲ. ಆದರೆ ಬೆರಳಿಗೆ ಬಣ್ಣ ಕಾಣುವುದಿಲ್ಲ. ಒಂದು ದಿನ ಸೆರಗು ನೇಯಲು ಕೂತ ಸುಭಾನಸಾಬ ನೋಡಿದ: ಬಿಳಿಯ ಪಟ್ಟಿಯಲ್ಲಿ ಕೆಂಪು ಎಳೆ, ಕೆಂಪಿನಲ್ಲಿ ಬಿಳಿ, ಇಡೀ ಹಾಸಿನಲ್ಲಿ.

"ಕಣ್ಣ ಎಲ್ಲಿಟ್ಟಿದ್ದಿ?"

"ಒಲಿ ಮುಂದ ಇಟ್ಟಿದ್ನಿರಿ," ಅಂದಳು ಲಾಲಬಿ. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೂ ಸ್ವಲ್ಪ ಕಸುವು ಬೇಕು. "ತರೂದ ಮರತೇನಿ."

ಅವನು ಹಾಸು ಬಿಟ್ಟು ಎದ್ದು ಬಂದ. ಅವಳ ಮುಖದ ಹತ್ತಿರ ಬೆರಳಾಡಿಸಿ ನೋಡಿದ; ಕಣ್ಣು ಬೆರಳಿನ ಹಿಂದೆ ಹೋಗಲಿಲ್ಲ. ಮರುದಿನ ಯಂಕಪ್ಪನನ್ನು ಕರೆತಂದು ಒಲೆಯ ಮೇಲಿನ ಮಾಳಿಗೆ ಒಡೆಸಿ ಬೆಳಕಿಂಡಿ ಇಡಿಸಿದ. ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ನೂಲು ಆ ಕಡೆಯ ಮೂಲೆಗೆ ಹೋಯಿತು. ತುಸು ತಡವಾಗಿ, ಚೆನ್ನಾಗಿಯೇ ಒಣಗಿತು.

"ಈಗ ಹೆಂಗೈತಿ?" ಸುಭಾನಸಾಬ ಕೇಳಿದ.

ಲಾಲಬಿ ಮುಖ ಮೇಲೆತ್ತಿದಳು. "ಬಿಸಲ ಬಿದ್ದದ್ದು ಗೊತ್ತಾಗತೈತ್ರಿ. ಎಳಿ ಕಾಣೂದಿಲ್ಲ."

ಆಮೇಲೆ ಆಕೆ ಕೊಂಡಿಗೆ ಕೂಡಲಿಲ್ಲ. ಒಲೆಯ ಮುಂದೆ ಮಾತ್ರ ಕೂತಳು. ಅಲ್ಲಿಗೆ ಕಣ್ಣು ಬೇಕಿಲ್ಲವೆಂದು ಎಲ್ಲರಿಗೂ ಅನ್ನಿಸಿತ್ತು.

ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಈಗ ಒಲೆ ಹೊತ್ತಿರಬೇಕು. ಕಾಗದ ಕೆಳಗಿಡಿ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಕೊನೆಯ ರೊಟ್ಟಿ ಬೇಯುವವರೆಗೆ ಒಲೆಯ ಮುಂದಿನ ಹೆಂಗಸಿನ ಪಕ್ಕದಲ್ಲಿ ಕೂತುಕೊಳ್ಳಿ. ಕೂಡಲಾಗದಿದ್ದರೆ ಇವತ್ತೇ, ಆಕೆ ಬಾಯಿಬಿಟ್ಟು ಕೇಳುವ ಮೊದಲೇ, ಮಾಳಿಗೆ ಹತ್ತಿ ಹೊಗೆಗೆ ದಾರಿ ಮಾಡಿ.