ಮುದುಕಿಯ ಹಾರನ್ನು

ನನ್ನ ಗಂಡನನ್ನು ಲಾರಿ ಅಂಗಳದಲ್ಲಿ ಎಲ್ಲರೂ ‘ಡಾಕ್ಟ್ರು’ ಎನ್ನುತ್ತಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಸತ್ತ ಲಾರಿಯ ಅಂಗ ಬಿಚ್ಚಿ ಬದುಕಿದ ಲಾರಿಗೆ ಕೂರಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಒಂದರ ರೇಡಿಯೇಟರು ಇನ್ನೊಂದಕ್ಕೆ, ಇನ್ನೊಂದರ ಬಾಗಿಲು ಮತ್ತೊಂದಕ್ಕೆ. ಹೊಸ ಸಾಮಾನು ತರಿಸಿ ಎಂದರೆ ಧಣಿಗೆ ಜ್ವರ ಬರುತ್ತಿತ್ತು. ಇವರಿಗೂ ಹೊಸದೆಂದರೆ ಅಷ್ಟಕ್ಕಷ್ಟೇ. “ಹೊಸದಕ್ಕೇನು ಗೊತ್ತಿರುತ್ತೆ? ಇದು ನೋಡು, ಓಡಿ ಓಡಿ ಬುದ್ಧಿ ಬಂದಿದೆ” ಎಂದು ತುಕ್ಕು ಹಿಡಿದ ಕಬ್ಬಿಣವನ್ನು ಮಗುವಿನ ಮೈ ಒರೆಸಿದ ಹಾಗೆ ಒರೆಸುತ್ತಿದ್ದರು. ನನ್ನ ಹಣೆಯ ಬೆವರನ್ನು ಒಂದು ದಿನವೂ ಒರೆಸಿದವರಲ್ಲ, ಅದು ಬೇರೆ ಮಾತು.

ಊರಲ್ಲಿ ಆಗ ನಾಲ್ಕು ಲಾರಿ ಕಂಪನಿಗಳಿದ್ದವು. ಒಂದರ ಲಾರಿಗಳು ಹಸಿರು, ಒಂದರವು ನೀಲಿ, ಒಂದರವು ಹಳದಿ. ನಮ್ಮ ಧಣಿಯದು ಇಟ್ಟಿಗೆ ಕೆಂಪು. ಎಲ್ಲಿ ಬಣ್ಣ ಮುಗಿದು ಎಲ್ಲಿ ತುಕ್ಕು ಶುರುವಾಯಿತು ಎಂದು ಹೇಳಲಿಕ್ಕೆ ಆಗುತ್ತಿರಲಿಲ್ಲ. ಮೂತಿ ಮುಂದಕ್ಕೆ ಚಾಚಿದ ಆರು ಹಳೆಯ ಲಾರಿಗಳು. ಒಂದೊಂದಕ್ಕೂ ಹೆಸರು. ಎಡಕ್ಕೆ ವಾಲಿಕೊಂಡು ಓಡುವುದು ಕುಂಟ. ಎಲ್ಲಕ್ಕಿಂತ ಹಿರಿಯಳು ಮುದುಕಿ. ಮುದುಕಿಯ ಡ್ರೈವರು ನನ್ನ ಭಾವ, ಅಂದರೆ ನನ್ನ ಸ್ವಂತ ಅಕ್ಕನ ಗಂಡ. ಓಡಿಸುವವರು ಅವರು, ರಿಪೇರಿ ಮಾಡುವವರು ಇವರು. ಷಡ್ಡಕರಿಬ್ಬರೂ ಎದುರಾದರೆ ಜಗಳ. “ನೀನು ರಿಪೇರಿ ಮಾಡಿದ್ದಕ್ಕೇ ಕಣೋ ಅದು ಕೆಡೋದು” ಎಂದು ಭಾವ. “ನೀವು ಓಡ್ಸೋ ಚಂದಕ್ಕೆ ಅದು ಓಡಿಹೋಗಿಲ್ಲ, ಪುಣ್ಯ” ಎಂದು ಇವರು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಚಹಾ ಕುಡಿದವರಲ್ಲ.

ನಮ್ಮಿಬ್ಬರ ಮನೆಗಳು ಏರಿನ ಮೇಲೆ, ನಡುವೆ ಒಂದೇ ಗೋಡೆ, ಮುಂದೆ ಒಂದೇ ನಲ್ಲಿ. ಮೂವತ್ತು ಮೆಟ್ಟಿಲು ಕೆಳಗೆ ರಸ್ತೆಯ ತಿರುವು. ಆ ತಿರುವಿನಲ್ಲಿ ಎದುರಿನ ಗಾಡಿ ಕಾಣುವುದಿಲ್ಲವಾದ್ದರಿಂದ ಪ್ರತಿಯೊಂದು ಲಾರಿಯೂ ಹಾರನ್ನು ಹೊಡೆಯಲೇಬೇಕು. ಮುದುಕಿಯ ಹಾರನ್ನಿಗೆ ಎಂದೋ ಮರದ ಕೊಂಬೆ ಬಡಿದು ಬಾಯಿ ಸೀಳಿತ್ತು. ದಪ್ಪ ದನಿಯಲ್ಲಿ ಶುರುವಾಗಿ ಕೊನೆಗೆ ಕೀರಲಾಗಿ ಒಡೆಯುತ್ತಿತ್ತು. ಸಾಯಂಕಾಲ ನಾಲ್ಕೂವರೆಗೆ ಅದು ಕೇಳಿದರೆ ಅಕ್ಕ ಒಲೆಯ ಮೇಲೆ ಚಹಾಕ್ಕೆ ನೀರಿಡುತ್ತಿದ್ದಳು. “ನಿನ್ನ ಗಂಡನ ಗಂಟಲು ಕೆಟ್ಟಿದೆ, ಔಷಧಿ ಕೊಡೇ” ಎಂದು ನಾನು ರೇಗಿಸುತ್ತಿದ್ದೆ.

ಒಂದು ಮಳೆಗಾಲ ಭಾವ ಸಿಮೆಂಟಿನ ಲೋಡು ಇಳಿಸಿ ಒಬ್ಬರೇ ಖಾಲಿ ಲಾರಿಯಲ್ಲಿ ಬರುವಾಗ, ಜನಸಂಚಾರವಿಲ್ಲದ ಒಂದು ಸೇತುವೆಯ ಮೇಲಿಂದ ಮುದುಕಿ ಹೊಳೆಗೆ ಬಿತ್ತು. ನೀರು ಇಳಿಯಲು ಒಂಬತ್ತು ದಿನ ಬೇಕಾಯಿತು. ಲಾರಿ ಎಳೆದಾಗ ಕ್ಯಾಬಿನ್ನಿನಲ್ಲಿ ಯಾರೂ ಇರಲಿಲ್ಲ. ಡ್ರೈವರನ ಬದಿಯ ಬಾಗಿಲೂ ಇರಲಿಲ್ಲ. ಭಾವನ ದೇಹ ಸಿಗಲೇ ಇಲ್ಲ.

ಅಕ್ಕ ಅಳಲಿಲ್ಲ. “ಬಾಗಿಲು ತೆಗೆದಿತ್ತಲ್ಲ? ಹಾಗಾದ್ರೆ ಇಳಿದಿದಾರೆ. ಪೆಟ್ಟಾಗಿ ಎಲ್ಲೋ ಬಿದ್ದಿರ್ತಾರೆ, ಯಾರೋ ಕರ್ಕೊಂಡು ಹೋಗಿರ್ತಾರೆ” ಎಂದಳು. ಭಾವನ ಖಾಕಿ ಅಂಗಿ ಬಾಗಿಲ ಹಿಂದಿನ ಮೊಳೆಯಲ್ಲೇ ಇತ್ತು. ಅದನ್ನು ವಾರಕ್ಕೊಮ್ಮೆ ಒಗೆದು, ಒಣಗಿಸಿ, ಮತ್ತೆ ಅಲ್ಲೇ ನೇತುಹಾಕುತ್ತಿದ್ದಳು. ನಾನು ಬುದ್ಧಿ ಹೇಳಿದೆ, ಬೈದೆ, ಕಾಲು ಹಿಡಿದುಕೊಂಡೆ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಹೂಂ ಎನ್ನುತ್ತಿತ್ತು. ಅಂತೂ ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳೇ ಆ ಅಂಗಿಯನ್ನು ಮಡಚಿ ಟ್ರಂಕಿನೊಳಗಿಟ್ಟಳು. “ನಾಳೆಯಿಂದ ಅಂಗಳಕ್ಕೆ ಹೋಗ್ತೀನಿ ಕಣೇ, ಟಾರ್ಪಾಲಿಗೆ ತೇಪೆ ಹಾಕೋ ಕೆಲಸ ಇದೆಯಂತಲ್ಲ” ಎಂದಳು. ಸದ್ಯ ಬದುಕಿಕೊಂಡಳಪ್ಪಾ ಎಂದುಕೊಂಡೆ.

ಅಂಗಳದಲ್ಲಿ ಒಂದು ಕಟ್ಟಳೆಯಿತ್ತು. ಆಳು ತಿಂದ ಲಾರಿಯಿಂದ ಮೂರು ಸಾಮಾನು ಬಿಚ್ಚಬಾರದು: ಸ್ಟಿಯರಿಂಗು, ಸೀಟು, ಮುಂದಿನ ಗಾಜು. ಅವು ಹೋದವನ ಕೈ, ಮೈ, ಕಣ್ಣು ತಾಗಿದ ಜಾಗ. ಮೂರನ್ನೂ ಗುಜರಿಗೆ ಹಾಕಿ, ಉಳಿದದ್ದನ್ನು ಯಾವ ಲಾರಿಗಾದರೂ ಹಾಕಬಹುದು. ನನ್ನ ಗಂಡ ಕಟ್ಟಳೆ ಮೀರುವವರಲ್ಲ. ಆ ಮೂರನ್ನೂ ಗುಜರಿಗೇ ಕಳಿಸಿದರು. ದನಿಯೂ ಮನುಷ್ಯನದ್ದೇ ಎಂದು ಕಟ್ಟಳೆ ಮಾಡಿದವರಿಗೂ ಹೊಳೆದಿರಲಿಲ್ಲ, ಈ ಡಾಕ್ಟ್ರಿಗೂ ಹೊಳೆಯಲಿಲ್ಲ.

ಅಕ್ಕ ಅಂಗಿ ಮಡಚಿಟ್ಟ ದಿನವೇ ಸಾಯಂಕಾಲ ನಾನು ಹೊಸಿಲ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಅಕ್ಕ ನಲ್ಲಿಯ ಹತ್ತಿರ ಕೊಡ ತೊಳೆಯುತ್ತಿದ್ದಳು. ಕೆಳಗೆ ತಿರುವಿನಲ್ಲಿ ಹಾರನ್ನು ಕೇಳಿತು. ದಪ್ಪಗೆ ಶುರುವಾಗಿ, ಕೊನೆಗೆ ಕೀರಲಾಗಿ ಒಡೆಯಿತು.

ಕೊಡ ಉರುಳಿದ ಸದ್ದಿಗೆ ತಲೆಯೆತ್ತಿ ನೋಡಿದರೆ ಅಕ್ಕ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡುತ್ತಿದ್ದಳು. ನಾನೂ ಹಿಂದೆಯೇ ಓಡಿದೆ. ಅವಳು ನಡುರಸ್ತೆಯಲ್ಲಿ ಕೈಯೆತ್ತಿ ನಿಂತುಬಿಟ್ಟಿದ್ದಳು. ಎಡಕ್ಕೆ ವಾಲಿಕೊಂಡು ಬಂದ ಕುಂಟ ಅವಳಿಂದ ಒಂದು ಮಾರು ದೂರದಲ್ಲಿ ಕಿರುಚಿ ನಿಂತಿತು. ಡ್ರೈವರು ಹೊಸಬ. “ಏನಮ್ಮಾ, ಸಾಯೋಕೆ ನನ್ನ ಗಾಡಿನೇ ಬೇಕಿತ್ತಾ?” ಎಂದು ಕೂಗಿದ. ಅಕ್ಕ ಲಾರಿಯ ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿ ಕ್ಯಾಬಿನ್ನಿನೊಳಗೆ ಇಣುಕಿದಳು. ಅವನ ಬೆನ್ನ ಹಿಂದೆ ನೋಡಿದಳು, ಸೀಟಿನ ಕೆಳಗೆ ನೋಡಿದಳು. ಆಮೇಲೆ ಬಹಳ ಮೆತ್ತಗೆ ಕೇಳಿದಳು:

“ಎಲ್ಲಿ ಇಳಿದ್ರಪ್ಪಾ ಅವರು?”

ಆ ಡ್ರೈವರನ ಮುಖ ಬಿಳಿಚಿಕೊಂಡಿತು. ಅವನು ಹೆದರಿದ್ದು ತಪ್ಪಲ್ಲ, ನಾನೂ ಹೆದರಿದ್ದೆ.

ಅವತ್ತು ಗಂಡ ಮನೆಗೆ ಬಂದಾಗ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. “ಜಗತ್ತಿನಲ್ಲಿ ಬೇರೆ ಹಾರನ್ನು ಸಿಗಲಿಲ್ವಾ ನಿಮಗೆ? ಆ ಕೈಗಿಷ್ಟು ಬೆಂಕಿ ಹಾಕ!” ಅವರು ವಾಪಸು ಅಂಗಳಕ್ಕೆ ಹೋದರು. ಹಾರನ್ನು ಬಿಚ್ಚಿ, ಗೋಣಿಯಲ್ಲಿ ಸುತ್ತಿ ತಂದು ನಮ್ಮ ಮಂಚದ ಕೆಳಗಿಟ್ಟರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮಾರನೆಯ ದಿನ ಅಕ್ಕ ಅಂಗಳದ ಕೆಲಸಕ್ಕೆ ಹೋಗಲಿಲ್ಲ. ಅಂಗಿ ಮತ್ತೆ ಮೊಳೆಗೆ ಬಂತು. ನಾಲ್ಕೂವರೆಗೆ ಮೆಟ್ಟಿಲ ಮೇಲೆ ಕೂತಳು. ಲಾರಿಗಳು ಹೋದವು, ಅವಳು ಅಲುಗಲಿಲ್ಲ. ಅದರ ಮಾರನೆಯ ದಿನವೂ ಹಾಗೇ. ಊಟ ಬಿಟ್ಟಳು. ಐದನೆಯ ದಿನ ತಟ್ಟೆ ಹಿಡಿದುಕೊಂಡು ಹೋದ ನನ್ನ ಮಣಿಕಟ್ಟು ಹಿಡಿದು, “ಒಂದು ಸಲ ಬಂದ್ರು, ನಾನು ತಡ ಮಾಡಿದೆ ಕಣೇ. ಅದಕ್ಕೆ ಕೋಪ ಮಾಡ್ಕೊಂಡಿದಾರೆ” ಎಂದಳು. ಆ ಕೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಹೀಗೇ ಬಿಟ್ಟರೆ ಇವಳು ಉಳಿಯುವುದಿಲ್ಲ ಎಂದು ನನಗೆ ಗೊತ್ತಾಗಿಹೋಯಿತು.

“ಹೋಗಿ ನಿಜ ಹೇಳಿ” ಎಂದೆ ಗಂಡನಿಗೆ. “ಹಾರನ್ನು ನೀವು ಹಾಕಿದ್ದು ಅಂತ ಹೇಳಿ, ಸಾಕು.”

“ಅಷ್ಟೇ ಆಗಿದ್ರೆ ಅವತ್ತೇ ಹೇಳ್ತಿದ್ದೆ” ಎಂದರು. ಬಡಪೆಟ್ಟಿಗೆ ಬಾಯಿ ಬಿಡುವ ಆಸಾಮಿಯಲ್ಲ. ಆದರೆ ನಾಲ್ಕು ತಿಂಗಳು ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವರಂತೆ ಒದ್ದಾಡಿದ್ದು ನನಗೆ ಆಗ ಅರ್ಥವಾಯಿತು. ಮಂಚದ ಕೆಳಗಿನ ಗೋಣಿ ಎಳೆದುಕೊಂಡು ಅಕ್ಕನ ಮನೆಗೆ ನಡೆದರು.

ಹಾರನ್ನನ್ನು ಅವಳ ಮುಂದೆ ನೆಲದ ಮೇಲಿಟ್ಟರು. ಅಕ್ಕ ಅದರ ಸೀಳಿದ ಬಾಯಿಯ ಮೇಲೆ ಬೆರಳಾಡಿಸಿದಳು.

“ಅಕ್ಕಾ, ಇದರೊಳಗೆ ಎರಡು ಸಣ್ಣ ಬಿಲ್ಲೆ ಇರ್ತವೆ. ಒಂದೆರಡು ಕ್ಷಣ ಒತ್ತಿದ್ರೆ ಏನೂ ಆಗಲ್ಲ. ಬಿಡದೆ ಒತ್ತಿ ಹಿಡಿದ್ರೆ ಸುಟ್ಟು ಅಂಟ್ಕೊಳ್ತವೆ. ಗಾಡಿ ಬಿದ್ದದ್ದಕ್ಕಿಂತ ಹಿಂದಿನ ವಾರ ನಾನೇ ತಿಕ್ಕಿ ಹಾಕಿದ್ದೆ. ಕನ್ನಡಿ ಹಾಗಿದ್ವು. ಹೊಳೆಯಿಂದ ತೆಗೆದ ಮೇಲೆ ಬಿಚ್ಚಿ ನೋಡಿದ್ರೆ ಕರಕಲಾಗಿದ್ವು.”

“ನೀರಿಗೆ ಹಾಗಾಗಿರುತ್ತೆ.”

“ನೀರಿಗೆ ಹಸಿರು ಹಿಡಿಯುತ್ತೆ ಅಕ್ಕಾ. ಸುಡಲ್ಲ.” ಅವರು ಬೆರಳಿನಿಂದ ನೆಲದ ಮೇಲೆ ಸೇತುವೆಯ ಗೆರೆ ಎಳೆದರು. “ಮೂತಿ ಸೇತುವೆ ಆಚೆ ನೇತಾಡ್ತಿತ್ತು. ಕಟ್ಟೆ ಮೇಲೆ ಗಾಡಿ ಉಜ್ಜಿದ ಗೆರೆ ನಾನೇ ನೋಡಿದೀನಿ. ಅಲುಗಿದ್ರೆ ಬೀಳುತ್ತೆ ಅಂತ ಅಲ್ಲೇ ಕೂತು ಒತ್ತಿದಾರೆ. ಯಾರಾದ್ರೂ ಬರ್ಲಿ ಅಂತ. ಬಾಗಿಲು ಅವರು ತೆಗೆದಿದ್ದಲ್ಲ. ಚಿಲಕದ ನಾಲಿಗೆ ಹಾಕಿದ ಹಾಗೇ ಬಾಗಿಲ ಚೌಕಟ್ಟಲ್ಲಿ ಸಿಕ್ಕೊಂಡಿತ್ತು, ಕೀಲು ಮುರಿದಿತ್ತು. ನೀರು ಕಿತ್ತುಕೊಂಡು ಹೋಗಿದ್ದು.”

ಅಕ್ಕ ಹಾರನ್ನನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು.

“ಎಷ್ಟು ಹೊತ್ತು ಒತ್ತಿರ್ಬಹುದು?”

“ಹತ್ತು ನಿಮಿಷ. ಜಾಸ್ತಿನೇ ಇರ್ಬಹುದು.”

“ಮತ್ತೆ ಇದನ್ನ ಯಾಕೆ ಸರಿ ಮಾಡ್ದೆ?”

“ನನಗೆ ಬರೋದು ಅದೊಂದೇ ಅಲ್ವಾ ಅಕ್ಕಾ” ಎಂದು ನನ್ನ ಗಂಡ ಚಿಕ್ಕ ಮಗುವಿನ ಹಾಗೆ ಅತ್ತರು. “ಸರಿ ಮಾಡಿದ್ಮೇಲೆ ಮೂಲೆಗೆ ಎಸೆಯೋಕೆ ಮನಸ್ಸು ಬರ್ಲಿಲ್ಲ. ಎಲ್ಲಾದ್ರೂ ಕೂಗ್ಲಿ ಅಂತ ಹಾಕಿದೆ.”

ಆಗ ಅಕ್ಕ ಅತ್ತಳು. ನಾಲ್ಕು ತಿಂಗಳದ್ದನ್ನೆಲ್ಲ ಒಟ್ಟಿಗೆ ಅತ್ತಳು. ನಾನು ತಂದಿದ್ದ ತಟ್ಟೆ ಎಳೆದುಕೊಂಡು, ಅಳುತ್ತಲೇ ಒಂದು ತುತ್ತು ತಿಂದಳು. ಆಮೇಲೆ ಹಾರನ್ನನ್ನು ಗೋಣಿಯಲ್ಲಿ ಸುತ್ತಿ ಇವರ ಮಡಿಲಿಗಿಟ್ಟಳು.

“ಕುಂಟನಿಗೇ ಹಾಕು. ಅವತ್ತು ಅಷ್ಟು ಹೊತ್ತು ಕರೆದ್ರು, ಯಾರೂ ಹೋಗ್ಲಿಲ್ಲ. ಇನ್ಮೇಲೆ ನಾನು ಹೋಗ್ತೀನಿ.”

ಹಾಗೇ ಆಯಿತು. ಅವಳು ಅಂಗಳದಲ್ಲಿ ಟಾರ್ಪಾಲು ಹೊಲಿದಳು, ನಕ್ಕಳು, ನನ್ನ ಜೊತೆ ನಲ್ಲಿಯ ಸರದಿಗೆ ಜಗಳವಾಡಿದಳು. ಆದರೆ ಆ ಹಾರನ್ನು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಮೂವತ್ತು ಮೆಟ್ಟಿಲಿಳಿದು, ತಿರುವಿನ ಬದಿಗೆ ನಿಂತು ಕೈಯೆತ್ತಿ, ಲಾರಿ ದಾಟಿದ ಮೇಲೆ ವಾಪಸು ಬರುತ್ತಿದ್ದಳು. ಕುಂಟ ಗುಜರಿಗೆ ಹೋದಾಗ ನನ್ನ ಗಂಡ ಹಾರನ್ನನ್ನು ಇನ್ನೊಂದಕ್ಕೆ ಹಾಕಿದರು, ಅದೂ ಹೋದಾಗ ಮತ್ತೊಂದಕ್ಕೆ. ಹೀಗೆ ಹತ್ತೊಂಬತ್ತು ವರ್ಷ. ಅಕ್ಕನ ಮಂಡಿ ಹಿಡಿದ ಮೇಲೆ ಇವರೇ ಇಳಿದು ಹೋಗಿ ನಿಲ್ಲುತ್ತಿದ್ದರು. “ಹೋಗಿ ಬಂದ್ಯಾ?” ಎಂದು ಅವಳು ಗೋಡೆಯಾಚೆಯಿಂದ ಕೇಳುವುದು, “ಬಂದೆ ಅಕ್ಕಾ” ಎಂದು ಇವರು ಹೇಳುವುದು.

ಈಗ ನಾಲ್ಕು ಕಂಪನಿಗಳೂ ಇಲ್ಲ. ದೊಡ್ಡ ಗಾಡಿಗಳು ಊರಾಚೆಯ ಹೊಸ ರಸ್ತೆಯಲ್ಲಿ ಹೋಗುತ್ತವೆ. ಅಕ್ಕ ಹೋಗಿ ಆರು ವರ್ಷ, ಇವರು ಹೋಗಿ ಎರಡು. ಹಾರನ್ನು ಗೋಣಿಯಲ್ಲಿ ಸುತ್ತಿ ನನ್ನ ಮಂಚದ ಕೆಳಗಿದೆ. ಅದಕ್ಕೆ ತಂತಿಯಿಲ್ಲ, ಬ್ಯಾಟರಿಯಿಲ್ಲ. ದೆವ್ವ ಭೂತ ಎಂದು ಯಾರಾದರೂ ನನ್ನೆದುರು ಬಾಯಿ ಬಿಟ್ಟರೆ ಬೈದು ಕಳಿಸುವ ಹೆಂಗಸು ನಾನು. ಆದರೂ ನಾಲ್ಕೂವರೆಗೆ ಅದು ಕೇಳುತ್ತದೆ. ದಪ್ಪಗೆ ಶುರುವಾಗಿ, ಕೊನೆಗೆ ಒಡೆಯುತ್ತದೆ. ಕಿವಿಯ ಭ್ರಮೆಯೇ ಇರಬಹುದು, ನನಗೂ ಅಷ್ಟು ತಿಳಿಯುತ್ತದೆ. ಒಲೆ ಆರಿಸಿ, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದು ಹೋಗುತ್ತೇನೆ. ಖಾಲಿ ತಿರುವಿನಲ್ಲಿ ನಿಂತು ಕೈಯೆತ್ತುತ್ತೇನೆ. ನಾನು ವಾಪಸು ಬಂದಾಗ “ಹೋಗಿ ಬಂದ್ಯಾ?” ಎಂದು ಕೇಳಲು ಗೋಡೆಯಾಚೆ ಯಾರೂ ಇಲ್ಲ. ಆದರೂ “ಬಂದೆ ಅಕ್ಕಾ” ಎಂದು ಹೇಳಿಯೇ ಒಳಗೆ ಹೋಗುತ್ತೇನೆ.