ಲಿವರ್ ಅಲುಗಿರಲಿಲ್ಲ

ರಹೀಮನ ಬಲಗೈ ಬೆರಳುಗಳು ಹೋದದ್ದು ನನ್ನಿಂದ. ಅವನ ಅಣ್ಣ ಬಶೀರನಿಂದಲ್ಲ. ಹೊಸಕೋಟೆಯಲ್ಲಿ ಎಲ್ಲರೂ ಬಶೀರನದೇ ತಪ್ಪೆಂದುಕೊಂಡಿದ್ದರು. ಸ್ವತಃ ಬಶೀರನೂ ಹಾಗೇ ನಂಬಿದ್ದ. ನಾನು ಮಾತ್ರ ನಿಜ ತಿಳಿದೂ— ಇಷ್ಟು ವರ್ಷ— ಬಾಯಿ ಬಿಡಲಿಲ್ಲ.

ಅದು ಯುದ್ಧದ ಕಾಲ. ಹಳೇ ಮದ್ರಾಸು ರಸ್ತೆಯ ಪಕ್ಕ ಮಿಲಿಟರಿಯವರ ರಿಪೇರಿ ಶೆಡ್ಡು ಎದ್ದಿತ್ತು. ಸಮುದ್ರವನ್ನೇ ಕಾಣದ ನಮ್ಮೂರಿಗೆ ಕೆಟ್ಟುಹೋದ ಮೋಟಾರು ದೋಣಿಗಳು ಲಾರಿಯ ಮೇಲೆ ಬರುತ್ತಿದ್ದವು. ರಿಪೇರಿಯಾದವನ್ನು ಹೊಸಕೋಟೆ ಕೆರೆಯಲ್ಲಿ ಓಡಿಸಿ ನೋಡಿ ವಾಪಸು ಕಳಿಸುತ್ತಿದ್ದರು. ಅನುಗೊಂಡನಹಳ್ಳಿಯ ಹೊಲ ಬಿಟ್ಟು ಬಂದ ನನ್ನ ಕೈಗೆ ಸ್ಪ್ಯಾನರ್ ಕೊಟ್ಟು ಕೆಲಸ ಕಲಿಸಿದವನು ಬಶೀರ್. ರಹೀಮ ಅದೇ ಶೆಡ್ಡಿನಲ್ಲಿ ತಗಡಿನ ಕೆಲಸ ಮಾಡುತ್ತಿದ್ದ.

ಆ ಸಲ ಒಂದು ದೋಣಿಯ ಕ್ಲಚ್ಚನ್ನು ಪೂರಾ ಬಿಚ್ಚಿ ಕಟ್ಟುವ ಕೆಲಸ ನನಗೆ ಬಂತು. ಕ್ಲಚ್ಚೆಂದರೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪ್ಲೇಟುಗಳು. ಲಿವರ್ ಮುಂದಕ್ಕೆ ತಳ್ಳಿದರೆ ಪ್ಲೇಟುಗಳು ಒತ್ತಿಕೊಂಡು ನೀರಿನೊಳಗಿನ ಫ್ಯಾನು ತಿರುಗುತ್ತದೆ. ನಡುವಿಗೆ ತಂದರೆ ಅವು ಬಿಡಿಯಾಗಿ, ಇಂಜಿನ್ ಓಡುತ್ತಿದ್ದರೂ ಫ್ಯಾನು ನಿಲ್ಲಬೇಕು. ಒಂದು ಪ್ಲೇಟಿಗೆ ಸುಟ್ಟ ಪದರ ಅಂಟಿಕೊಂಡಿತ್ತು. ಬಶೀರ್ ಮೊದಲೇ ಎಚ್ಚರಿಸಿದ್ದ— "ಬೆಂಕಿಗೆ ಮಾತ್ರ ಹಿಡೀಬೇಡ ಕಣೋ, ಸೊಟ್ಟ ಆಗ್ಬಿಡುತ್ತೆ, ಆಮೇಲೆ ಪ್ಲೇಟುಗಳು ಬಿಡಿಯಾಗಲ್ಲ." ಕೆರೆದು ಕೆರೆದು ಕೈ ಸೋತು, ನಾನು ಕುಲುಮೆಗೆ ಹಿಡಿದೆ. ಪ್ಲೇಟು ಬಾಗಿತು. ಬಡಿದು ನೇರ ಮಾಡಿದೆ. ಗಾಜಿನ ಮೇಲಿಟ್ಟು ನೋಡಿದರೆ ಅಂಚಿನಡಿ ಬೆಳಕು ಇಣುಕುತ್ತಿತ್ತು; ಸೊಟ್ಟ ಪೂರಾ ಹೋಗಿರಲಿಲ್ಲ. ಬೇರೆ ಪ್ಲೇಟು ಶೆಡ್ಡಿನಲ್ಲಿರಲಿಲ್ಲ. ಹೇಳಿದರೆ ಬೈಗುಳ, ಬಹುಶಃ ಕೆಲಸವೂ— ಅದನ್ನೇ ನಡುವೆ ಸೇರಿಸಿ ಮುಚ್ಚಿಬಿಟ್ಟೆ.

ಶೆಡ್ಡಿನಲ್ಲೇ ಇಂಜಿನ್ ಓಡಿಸಿ ನೋಡಿದಾಗ ಬಶೀರ್ ಲಿವರ್ ನಡುವಿಗೆ ತಂದು ಕೂಗಿದ, "ಶಾಫ್ಟು ನಿಂತಿದ್ಯೇನೋ?"

ಫ್ಯಾನು ತಿರುಗಿಸುವ ಆ ಸರಳು ನನ್ನ ಕಣ್ಣೆದುರಿಗೇ ನಿಧಾನವಾಗಿ ತಿರುಗುತ್ತಿತ್ತು.

"ನಿಂತಿದೆ, ಭಾಯ್" ಎಂದೆ.

ಮಾರನೆಯ ದಿನ ಕೆರೆಗೆ ಇಳಿಸಿದೆವು. ಬಶೀರ್ ಲಿವರಿನ ಬಳಿ, ನಾನು ಅವನ ಹಿಂದೆ, ರಹೀಮ ದೋಣಿಯ ಹಿಂಬದಿಯಲ್ಲಿ. ಸ್ವಲ್ಪ ದೂರ ಹೋಗುತ್ತಲೇ ತಾವರೆ ಬಳ್ಳಿ ಫ್ಯಾನಿಗೆ ಸುತ್ತಿಕೊಂಡಿತು. ಬಶೀರ್ ಲಿವರ್ ನಡುವಿಗೆ ತಂದ. ಬಳ್ಳಿ ಬಿಗಿದು ಫ್ಯಾನು ನಿಂತಿತ್ತು. ಈಜು ಬಲ್ಲ ರಹೀಮ ಕುಡುಗೋಲು ಹಿಡಿದು ನೀರಿಗಿಳಿದ. ಇಂಜಿನ್ ಆರಿಸು ಎನ್ನಬೇಕಿತ್ತು ನಾನು. ಒಂದೇ ಮಾತು. ಅಂದರೆ ಬಶೀರ್ ಯಾಕೆ ಎಂದು ಕೇಳುತ್ತಾನೆ, ಆಮೇಲೆ— ಏನೂ ಆಗಲಿಕ್ಕಿಲ್ಲ ಎಂದುಕೊಂಡೆ. ಕೊನೆಯ ಬಳ್ಳಿ ಕತ್ತರಿಸಿದ್ದೇ ಫ್ಯಾನು ತಿರುಗಿಬಿಟ್ಟಿತು.

ಆ ಕೂಗನ್ನು ಬರೆಯಲಾರೆ.

ಬಶೀರ್ ಗಾಬರಿಯಲ್ಲಿ ಇಂಜಿನ್ ಆರಿಸಿ ತಮ್ಮನನ್ನು ಎಳೆದುಕೊಳ್ಳಲು ಎದ್ದ. ಆ ಗಡಿಬಿಡಿಯಲ್ಲಿ ಅವನ ಕಾಲು ತಗುಲಿ ಲಿವರ್ ಮುಂದಕ್ಕೆ ಜರುಗಿತು. ದಡದಿಂದ ಬಂದ ಆಫೀಸರು ಅದನ್ನೇ ನೋಡಿ, ಲಿವರ್ ಸರಿಯಾಗಿ ನಡುವಿಗೆ ತಂದಿರಲಿಲ್ಲ ಎಂದ. ಬಶೀರ್ ನನ್ನ ಕಡೆ ತಿರುಗಿದ. "ನೀನು ಹಿಂದೆ ಇದ್ಯಲ್ಲಪ್ಪಾ. ನನ್ನ ಕೈ ತಾಕ್ತಾ?"

"ನಾನು ನೋಡ್ಲಿಲ್ಲ, ಭಾಯ್."

ನೋಡಿದ್ದೆ. ಫ್ಯಾನು ತಿರುಗಿದಾಗ ಲಿವರ್ ನಡುವಿನಲ್ಲೇ ಇತ್ತು. ಅವನ ಎರಡೂ ಕೈ ದೋಣಿಯ ಅಂಚಿನ ಮೇಲಿದ್ದವು.

ಬಶೀರನನ್ನು ಕೆಲಸದಿಂದ ತೆಗೆದುಹಾಕಿದರು. ಆ ಕ್ಲಚ್ಚನ್ನು ಮತ್ತೆ ಬಿಚ್ಚುವ ಕೆಲಸ ನನಗೇ ಬಂತು; ಸೊಟ್ಟ ಪ್ಲೇಟನ್ನು ತುಕ್ಕು ಹಿಡಿದ ಕಬ್ಬಿಣದ ರಾಶಿಯಲ್ಲಿ ಹೂತುಬಿಟ್ಟೆ. ರಹೀಮ ಎಡಗೈಯಲ್ಲಿ ತಕ್ಕಡಿ ಹಿಡಿದು ತರಕಾರಿ ಮಾರಲು ಕೂತ. ಹಬ್ಬಕ್ಕೆ ಅವರು ನನ್ನನ್ನು ಊಟಕ್ಕೆ ಕರೆಯುತ್ತಿದ್ದರು. ಬಶೀರ್ ತಮ್ಮನ ಕೈ ನೋಡಿ ತಲೆತಗ್ಗಿಸಿದಾಗಲೆಲ್ಲ ರಹೀಮ, "ಹೋಗ್ಲಿ ಬಿಡು ಭಾಯ್, ನಾನು ಮನಸ್ನಲ್ಲಿ ಇಟ್ಕೊಂಡಿಲ್ಲ" ಎನ್ನುತ್ತಿದ್ದ. ನಾನು ಕೇಳಿಸಿಕೊಂಡು ಉಣ್ಣುತ್ತಿದ್ದೆ.

ಯುದ್ಧ ಮುಗಿಯಿತು. ನಾನು ಸ್ವಂತ ರಿಪೇರಿ ಅಂಗಡಿ ಇಟ್ಟೆ. ಕಳೆದ ತಿಂಗಳು ಬಶೀರನನ್ನು ಕರೆದು, ನನ್ನ ಜೊತೆ ಕೆಲಸಕ್ಕೆ ಬಾ ಎಂದೆ. ಎದುರಿಗಿದ್ದ ಪಂಪಿನ ಇಂಜಿನ್ ನೋಡಿ ಅವನು ಎರಡು ಕೈಗಳನ್ನೂ ಹಿಂದಕ್ಕೆ ಕಟ್ಟಿಕೊಂಡ. "ಬೇಡಪ್ಪಾ. ಈ ಕೈಗಳನ್ನ ನಂಬಬೇಡ."

ಅಲ್ಲೇ, ಆ ಇಂಜಿನ್ನಿನ ಮುಂದೆಯೇ, ಎಲ್ಲ ಹೇಳಿಬಿಟ್ಟೆ. ಅವನು ಬೈಯಲಿಲ್ಲ. "ರಹೀಮನ ಮುಂದೆ ಹೇಳು ನಡಿ" ಎಂದ.

ಸಂತೆಬೀದಿಯಲ್ಲಿ, ಬದನೆಕಾಯಿ ರಾಶಿಯ ಹಿಂದೆ ಕೂತಿದ್ದ ರಹೀಮನಿಗೆ ನಿಂತುಕೊಂಡೇ ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ, ಅಣ್ಣನನ್ನು ನೋಡಿದ.

"ಭಾಯ್, ಇಷ್ಟು ವರ್ಷ ನಿನ್ನನ್ನ ಮಾಫ್ ಮಾಡ್ತಾ ಮಾಡ್ತಾ ಬಂದ್ನಲ್ಲಾ... ನಾನು ಯಾರು, ನಿನ್ನ ಮಾಫ್ ಮಾಡೋಕೆ?"

ಬಶೀರ್ ಅವನ ಪಕ್ಕ ಕುಸಿದು ಕೂತ. ರಹೀಮ ತನ್ನ ಮೊಂಡು ಕೈಯನ್ನು ಅಣ್ಣನ ಹೆಗಲಿಗೆ ಹಾಕಿದ. ಕ್ಷಮಿಸು ಎಂದು ಕೇಳಲು ಹೋದವನು ನಾನು. ಆ ಕ್ಷಮೆಯನ್ನು ಆ ಮನೆಯಲ್ಲಿ ತಪ್ಪೇ ಮಾಡದವನಿಗೆ ಅಷ್ಟೊಂದು ಸಲ ಕೊಡಿಸಿದ ಮೇಲೆ, ನನಗಾಗಿ ಕೇಳಲು ಬಾಯಿ ಬರಲಿಲ್ಲ.